ಮಡಚೋ ಚಾಕು ಸಡಿಲಾಗಿದೆಯಾ? ಮೊದಲು ಕೊಳೆ ನೋಡಿ

ಮೊಂಡು ಚಾಕುವಿಗೆ ನಾನು ಹೆದರೋದಿಲ್ಲ. ಬಿಗಿ ಹೋದ ಮಡಚೋ ಚಾಕುವಿಗೆ ಹೆದರುತ್ತೇನೆ. ಮೊಂಡಾದರೆ ಕೆಲಸ ತಡ ಆಗುತ್ತೆ, ಅಷ್ಟೇ. ಬಿಗಿ ಹೋದರೆ ನೆಲ್ಲಿನ ಚೀಲಕ್ಕೆ ಮೊನೆ ಚುಚ್ಚುವ ಹೊತ್ತಿಗೆ ಅಲಗು ಮಡಚಿಕೊಂಡು ಸೀದಾ ಬೆರಳ ಮೇಲೆ ಬರುತ್ತೆ.

ನಮ್ಮ ರಾಯಚೂರು ಕಡೆ ಹೊಲದವರು, ಗಂಜಿನ ಹಮಾಲರು ಕಿಸೆಯಲ್ಲಿ ಇಂಥದ್ದೊಂದು ಇಟ್ಟುಕೊಳ್ಳುವುದು ಇನ್ನೂ ಇದೆ. ಸುತಳಿ ಕೊಯ್ಯೋಕೆ, ಸೌತೆಕಾಯಿ ಹೆಚ್ಚೋಕೆ, ಬೇವಿನ ಕಡ್ಡಿ ಕೆತ್ತೋಕೆ, ಎಲ್ಲಕ್ಕೂ ಅದೇ. ಕೆಲವರ ಮನೆಯಲ್ಲಿ ತಾತನ ಕಾಲದ್ದು ಇರುತ್ತೆ. ಅಲಗಿನ ಬುಡದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹೆಸರು ಅಚ್ಚೊತ್ತಿರುತ್ತೆ, ಹಿಡಿಗೆ ಕೊಂಬು ಇಲ್ಲವೇ ಮೂಳೆ ಕೂಡಿಸಿರುತ್ತಾರೆ. ಅಂಥದ್ದು ಸಡಿಲಾದರೆ ಎಸೆಯಬೇಡಿ. ಹಾಗಂತ ಸುತ್ತಿಗೆ ಹಿಡಿದು ಅದರ ಮುಂದೆ ಕೂರಲೂ ಬೇಡಿ. "ಸ್ಪ್ರಿಂಗು ಹೋಗಿದೆ" ಅಂತ ತರುವ ಚಾಕುಗಳಲ್ಲಿ ಬಹಳಷ್ಟಕ್ಕೆ ಸ್ಪ್ರಿಂಗು ಗಟ್ಟಿಯಾಗೇ ಇರುತ್ತೆ. ತಪ್ಪು ಬೇರೆಲ್ಲೋ ಇರುತ್ತೆ.

ಈ ಚಾಕುವಿನಲ್ಲಿ ಸುರುಳಿ ಸ್ಪ್ರಿಂಗು ಇರೋದಿಲ್ಲ. ಹಿಡಿಯ ಬೆನ್ನಿನ ಉದ್ದಕ್ಕೂ ಕಾಣುವ ಉಕ್ಕಿನ ಪಟ್ಟಿ ಇದೆಯಲ್ಲ, ಅದೇ ಸ್ಪ್ರಿಂಗು. ಹಿಂದಿನ ತುದಿಗೆ ಒಂದು ಮೊಳೆ, ನಡುವೆ ಒಂದು ಮೊಳೆ. ಮುಂದಿನ ತುದಿ ಮಾತ್ರ ಬಿಡಿ. ಅದು ಅಲಗಿನ ಬುಡವನ್ನು ಒತ್ತಿಕೊಂಡಿರುತ್ತೆ. ಅಲಗಿನ ಬುಡಕ್ಕೆ ಚಪ್ಪಟೆ ಮೈಗಳಿರುತ್ತವೆ. ತೆರೆದಾಗ ಪಟ್ಟಿ ಒಂದು ಚಪ್ಪಟೆಯ ಮೇಲೆ ಕೂರುತ್ತೆ, ಮಡಚಿದಾಗ ಇನ್ನೊಂದರ ಮೇಲೆ. ನಡುವಿನ ದಾರಿಯಲ್ಲಿ ಬುಡದ ಮೂಲೆ ಪಟ್ಟಿಯನ್ನು ಎತ್ತುತ್ತೆ. ಆಗಲೇ ಬೆರಳಿಗೆ ಆ ಬಿಗಿ ಸಿಗೋದು, ಕೊನೆಗೆ ಟಕ್ ಅಂತ ಸದ್ದು ಬರೋದು.

ಸದ್ದು ಮಂದವಾಗಿ, ಅಲಗು ಅರ್ಧಕ್ಕೇ ನಿಂತುಕೊಂಡರೆ ಅದು ಕೊಳೆ. ಬಿಗಿ ಹೋದ ಪಟ್ಟಿಯ ಲಕ್ಷಣ ಬೇರೆ, ಅಲಗು ಸಲೀಸಾಗಿ ಹಗುರಕ್ಕೆ ತಿರುಗುತ್ತೆ. ಇವೆರಡನ್ನೂ ಒಂದೇ ಅಂದುಕೊಂಡು ಕೆಲಸ ಕೆಡಿಸಿಕೊಳ್ಳುವವರೇ ಜಾಸ್ತಿ. ನಮ್ಮ ಎರಿ ಮಣ್ಣಿನ ಧೂಳು ಹಿಟ್ಟಿನಷ್ಟು ನುಣ್ಣಗೆ, ಎಂಥ ಸಂದಿಗೂ ಇಳಿಯುತ್ತೆ. ಅದರ ಮೇಲೆ ಅಡುಗೆಮನೆಯ ಎಣ್ಣೆ ಬಿಟ್ಟರಂತೂ ಮುಗೀತು. ಅದರಲ್ಲೂ ಕುಸುಬಿ ಎಣ್ಣೆ ಮತ್ತು ಅಗಸಿ ಎಣ್ಣೆ ಚಾಕುವಿನ ಹತ್ತಿರ ತರಲೇಬೇಡಿ. ರೊಟ್ಟಿ ಜೊತೆಗಿನ ಚಟ್ನಿಪುಡಿಗೆ ಅವು ಅಮೃತ, ಒಪ್ಪುತ್ತೇನೆ. ಆದರೆ ಗಾಳಿಗೆ ಒಣಗಿ ಅಂಟಾಗುವ ಗುಣ ಅವಕ್ಕಿದೆ, ಬಣ್ಣ ವಾರ್ನಿಷ್‌ಗೆ ಬಳಸುವುದೂ ಆ ಗುಣಕ್ಕೇ. ಔಡಲ ಎಣ್ಣೆ ಹಾಗೆ ಒಣಗೋದಿಲ್ಲ, ಅದನ್ನು ಬಂಡಿ ಕೀಲಿಗೆ ಹಾಕುತ್ತಿದ್ದರು. ಆದರೂ ಇಷ್ಟು ಸಣ್ಣ ಸಂದಿಗೆ ಅದು ಬಲು ಮಂದ, ಧೂಳು ಹಿಡಿದಿಡುತ್ತೆ. ಹೊಲಿಗೆ ಮಿಷನ್ ಎಣ್ಣೆಯೇ ಸರಿ. ಎರಡು ಹನಿ ಸಾಕು.

ತೊಳೆಯೋದು ಹೀಗೆ. ಅಲಗನ್ನು ಅರ್ಧ ತೆರೆದು, ಅಂಚಿಗೆ ಬಟ್ಟೆ ಸುತ್ತಿ, ಮೇಲೆ ದಾರ ಕಟ್ಟಿ. ಇದನ್ನು ಬಿಡಬೇಡಿ. ಹಳೆಯ ಬಟ್ಟಲಲ್ಲಿ ಚಿಮಣಿ ಎಣ್ಣೆ (ಸೀಮೆಎಣ್ಣೆ) ಹಾಕಿ ಕೀಲಿನ ಭಾಗ ಮುಳುಗುವಷ್ಟು ರಾತ್ರಿ ನೆನೆಸಿ. ಚಿಮಣಿ ಎಣ್ಣೆ ಈಗ ಸುಲಭಕ್ಕೆ ಸಿಗೋದಿಲ್ಲ. ಡೀಸೆಲ್ ಆದರೂ ನಡೆಯುತ್ತೆ, ಪೆಟ್ರೋಲ್ ಬೇಡ. ಯಾವುದಾದರೂ ಒಲೆಯಿಂದ ದೂರ ಇಡಿ. ಬೆಳಿಗ್ಗೆ ಹಳೆ ಹಲ್ಲುಜ್ಜೋ ಬ್ರಷ್ಷು, ಚೂಪು ಮಾಡಿದ ಬಿದಿರು ಕಡ್ಡಿ ತಗೊಂಡು ಪಟ್ಟಿಯ ತುದಿ ಬುಡಕ್ಕೆ ತಾಗುವ ಜಾಗವನ್ನು ಕೆದಕಿ. ಕಪ್ಪು ರಾಡಿ ಬರುತ್ತೆ. ಆಮೇಲೆ ಬಟ್ಟೆ ಬಿಚ್ಚಿ, ಅಲಗಿನ ಬೆನ್ನು ಹಿಡಿದು ಹತ್ತಿಪ್ಪತ್ತು ಸಲ ತೆರೆದು ಮುಚ್ಚಿ. ರಾಡಿ ನಿಲ್ಲುವವರೆಗೆ ಒರೆಸಿ. ಕೊನೆಗೆ ಬಿಸಿ ಸೋಪಿನ ನೀರಲ್ಲಿ ತೊಳೆದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ನಮ್ಮೂರಿನ ಬಿಸಿಲಿಗೆ ಅದೇನು ಕಷ್ಟವಲ್ಲ. ಒಣಗಿದ ಮೇಲೆ ಎಣ್ಣೆ. ಎಷ್ಟೋ ಚಾಕುಗಳು ಇಷ್ಟಕ್ಕೇ ಸರಿಹೋಗುತ್ತವೆ.

ಹೋಗಲಿಲ್ಲ ಅಂದರೆ ಬೆನ್ನು ನೋಡಿ. ಚಾಕುವನ್ನು ಪೂರ್ತಿ ತೆರೆದು, ಬೆನ್ನಿನ ಮೇಲೆ ಉಗುರು ಆಡಿಸಿ. ಪಟ್ಟಿಯೂ ಅದರ ಎರಡೂ ಪಕ್ಕದ ತಗಡೂ ಒಂದೇ ಮಟ್ಟದಲ್ಲಿ ಇರಬೇಕು. ಮಡಚಿದಾಗಲೂ ಅಷ್ಟೇ. ಅರ್ಧ ತೆರೆದಾಗ ಪಟ್ಟಿ ಸ್ವಲ್ಪ ಮೇಲೆದ್ದಿರುತ್ತೆ, ಅದು ಸಹಜ. ತೆರೆದಾಗ ಪಟ್ಟಿ ಒಳಕ್ಕೆ ತಗ್ಗಿದ್ದರೆ ಅಲಗಿನ ಬುಡ ಸವೆದಿದೆ ಅಂತ ಅರ್ಥ. ಪಟ್ಟಿ ಸಮವಾಗಿದ್ದು ಅಲಗು ಮೇಲೆ ಕೆಳಗೆ ಅಲ್ಲಾಡಿದರೆ ಪಟ್ಟಿ ಬುಡವನ್ನು ಮುಟ್ಟುತ್ತಲೇ ಇಲ್ಲ. ಅಲಗು ಎಡಕ್ಕೆ ಬಲಕ್ಕೆ ಆಡಿದರೆ ಸಡಿಲಾಗಿರೋದು ಕೀಲಿನ ಮೊಳೆ.

ಕೀಲಿನ ಮೊಳೆ ಬಿಗಿ ಮಾಡೋದು ಮನೆಯಲ್ಲೇ ಆಗುವ ಕೆಲಸ. ಆದರೆ ಒಂದು ಷರತ್ತು. ಮೊಳೆಯ ತಲೆ ಲೋಹದ ಮೇಲೆ ಕಾಣುತ್ತಿರಬೇಕು. ಮೂಳೆ, ಕೊಂಬು, ಮರದ ಮೇಲೆ ಸುತ್ತಿಗೆ ಏಟು ಬಿದ್ದರೆ ಸೀಳುತ್ತೆ. ಲೋಹದ ಮೇಲಿದ್ದರೆ ಮೊಳೆಯ ಒಂದು ತಲೆಯನ್ನು ಗಟ್ಟಿ ಕಬ್ಬಿಣದ ಮೇಲಿಟ್ಟು, ಇನ್ನೊಂದು ತಲೆಯ ಅಂಚಿಗೆ ಸುತ್ತಲೂ ಚಿಕ್ಕ ಚಿಕ್ಕ ಏಟು ಕೊಡಿ. ಗುಂಡು ತಲೆಯ ಸಣ್ಣ ಸುತ್ತಿಗೆ ಇದ್ದರೆ ಒಳ್ಳೆಯದು. ತಲೆಯ ನಡುವಿಗೆ ಹೊಡೆಯಬಾರದು, ಅಂಚಿಗೇ ಹೊಡೆಯಬೇಕು. ಆಗ ಮೊಳೆಯ ತಲೆ ಅಗಲವಾಗಿ ಬಿಗಿಯಾಗಿ ಹಿಡಿದುಕೊಳ್ಳುತ್ತೆ. ನಾಲ್ಕೈದು ಏಟಿಗೊಮ್ಮೆ ಅಲಗು ಆಡಿಸಿ ನೋಡಿ. ಬಿಗಿ ಜಾಸ್ತಿಯಾಗಿ ಅಲಗು ಹಿಡಿದುಕೊಳ್ಳಬಾರದು ಅಂದರೆ, ತಂಪು ಪಾನೀಯದ ಡಬ್ಬಿಯ ತಗಡನ್ನು ಕೊಯ್ದು ಅಲಗಿಗೂ ಪಕ್ಕದ ತಗಡಿಗೂ ನಡುವೆ ತುರುಕಿ ಹೊಡೆಯಿರಿ. ಮುಗಿದ ಮೇಲೆ ಎಳೆದುಬಿಟ್ಟರೆ ಅಷ್ಟು ಸಂದಿ ಉಳಿಯುತ್ತೆ.

ಇಷ್ಟಾದರೂ ಅಲಗು ಹಗುರಕ್ಕೇ ತಿರುಗಿದರೆ ಪಟ್ಟಿ ಸೋತಿದೆ, ಇಲ್ಲವೇ ಬಿರುಕು ಬಿಟ್ಟಿದೆ. ಬಿರುಕು ಸಾಮಾನ್ಯವಾಗಿ ನಡುವಿನ ಮೊಳೆಯ ತೂತಿನ ಹತ್ತಿರವೇ ಬರುತ್ತೆ. ಬಾಗುವ ಭಾರವೆಲ್ಲ ಬೀಳೋದು ಅಲ್ಲಿ, ತೂತು ಇರೋದರಿಂದ ಉಕ್ಕೂ ಕಡಿಮೆ ಅಲ್ಲಿ. ಕಣ್ಣಿಗೆ ಕಾಣದ ಬಿರುಕು ಹಿಡಿಯೋಕೆ ಹಳೇ ವರ್ಕ್‌ಶಾಪಿನವರ ಉಪಾಯ ಒಂದಿದೆ. ಪಟ್ಟಿಯನ್ನು ಬಿಚ್ಚಿದ ಮೇಲೆ ಚಿಮಣಿ ಎಣ್ಣೆಯಲ್ಲಿ ಅದ್ದಿಟ್ಟು, ತೆಗೆದು ಒಣ ಬಟ್ಟೆಯಿಂದ ಪೂರ್ತಿ ಒರೆಸಿ, ಮೇಲೆ ಚಾಕ್‌ಪೀಸಿನ ಪುಡಿ ಸವರಿ. ಸ್ವಲ್ಪ ಹೊತ್ತು ಬಿಡಿ. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಹೊರಗೆ ಜಿನುಗಿ, ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ಒದ್ದೆ ಗೆರೆ ಮೂಡುತ್ತೆ. ಗೆರೆ ಕಂಡರೆ ಆ ಪಟ್ಟಿಯ ಆಸೆ ಬಿಡಿ. ಬೆಸುಗೆ ಹಾಕಿಸುತ್ತೇನೆ ಅನ್ನಬೇಡಿ. ಬೆಸುಗೆಯ ಕಾವಿಗೆ ಪಕ್ಕದ ಉಕ್ಕಿನ ಹದ ಹೋಗಿ, ಇವತ್ತಲ್ಲ ನಾಳೆ ಅದರ ಪಕ್ಕದಲ್ಲೇ ಮುರಿಯುತ್ತೆ.

ಬಿಚ್ಚುವುದು, ಬಾಗಿಸುವುದು ಎಲ್ಲ ಕುಲುಮೆಯವರ ಕೆಲಸ. ಮೊಳೆಯ ತಲೆ ಅರದಿಂದ ಉಜ್ಜಿ, ಮೊಳೆ ತಳ್ಳಿ ತೆಗೆಯುತ್ತಾರೆ. ಮತ್ತೆ ಕೂಡಿಸೋಕೆ ಹಿತ್ತಾಳೆ ಕಂಬಿಯೇ ಚೆಂದ, ಏಟಿಗೆ ಸುಲಭವಾಗಿ ಹರಡಿಕೊಳ್ಳುತ್ತೆ. ಕೆಲವರು ಸೈಕಲ್ ಸ್ಪೋಕ್ ಹಾಕುತ್ತಾರೆ. 14 ಗೇಜಿನದು 2 ಮಿ.ಮೀ. ದಪ್ಪ, ಗಟ್ಟಿ. ಕುಲುಮೆಗೆ ಕೊಡುವಾಗ ಏನು ಹೇಳಬೇಕು ಅನ್ನೋದು ನಿಮಗೆ ಗೊತ್ತಿರಲಿ. ಈಗಿನ ಕುಲುಮೆಗಳಿಗೆ ಕುಡಗೋಲು, ಕುಂಟೆ ಕುಡ ಹದ ಮಾಡಿ ರೂಢಿ. ಆ ಹದ ಬೇರೆ, ಸ್ಪ್ರಿಂಗಿನ ಹದ ಬೇರೆ.

ಬಿರುಕಿಲ್ಲದ ಪಟ್ಟಿಯಾದರೆ ಅದರ ಬೆನ್ನಿನ ಮೈಗೆ, ಅಂದರೆ ಹೊರಗೆ ಕಾಣುವ ಕಡೆಗೆ, ಅಡಿಗಲ್ಲಿನ ಮೇಲಿಟ್ಟು ಸಾಲಾಗಿ ಸಣ್ಣ ಏಟು ಕೊಟ್ಟರೆ ಆ ಮೈ ಹಿಗ್ಗುತ್ತೆ. ಒಂದು ಮೈ ಹಿಗ್ಗಿದರೆ ಪಟ್ಟಿ ಇನ್ನೊಂದು ಕಡೆಗೆ, ಅಂದರೆ ಅಲಗಿನ ಬುಡದ ಕಡೆಗೆ ಬಾಗುತ್ತೆ. ತೂತಿನ ಮೇಲೆ ಮಾತ್ರ ಏಟು ಬೀಳಬಾರದು. ಬಿಡಿಯಾಗಿ ಇಟ್ಟಾಗ ಮುಂದಿನ ತುದಿ ತನ್ನ ಜಾಗಕ್ಕಿಂತ ಸುಮಾರು 1 ಮಿ.ಮೀ. ಒಳಕ್ಕೆ ಬಂದರೆ ಸಾಕು. ಹೆಚ್ಚು ಬಾಗಿಸಿದರೆ ಉಗುರು ಮುರಿದರೂ ಚಾಕು ತೆರೆಯೋದಿಲ್ಲ. ಇಕ್ಕಳದಲ್ಲಿ ಹಿಡಿದು ತಣ್ಣಗಿದ್ದಾಗಲೇ ಬಗ್ಗಿಸುವವರಿದ್ದಾರೆ. ಬೇಡ ಅನ್ನಿ. ಗಟ್ಟಿ ಉಕ್ಕು ಒಮ್ಮೆಲೇ ಪಟ್ ಅನ್ನುತ್ತೆ.

ಹೊಸ ಪಟ್ಟಿ ಮಾಡಿಸುವುದಾದರೆ ಜೀಪು, ಲಾರಿಯ ಹಳೆ ಕಟ್‌ಪ್ಲೇಟ್ (ಗಾಡಿಯ ಭಾರ ಹೊರುವ ಸ್ಪ್ರಿಂಗು ಪಟ್ಟಿ) ತುಂಡು ಗುಜರಿಯಲ್ಲಿ ಸಿಗುತ್ತೆ. ಪಕ್ಕದ ಸಂಡೂರಿನ ಗುಡ್ಡದಲ್ಲಿ ಅದಿರು, ತೋರಣಗಲ್ಲಿನಲ್ಲಿ ಅಷ್ಟು ದೊಡ್ಡ ಉಕ್ಕಿನ ಕಾರ್ಖಾನೆ, ಆದರೂ ನಮ್ಮ ಚಾಕುವಿಗೆ ಗುಜರಿಯೇ ಗತಿ ನೋಡಿ! ಅದನ್ನು ಬಡಿದು ತೆಳುವು ಮಾಡಿ, ಹಳೆ ಪಟ್ಟಿಯ ಮೇಲಿಟ್ಟು ಗೆರೆ ಎಳೆದು ಅರ ಹಾಕಬೇಕು. ದಪ್ಪ ಅಲಗಿನ ಬುಡಕ್ಕಿಂತ ಒಂದು ಕೂದಲು ಜಾಸ್ತಿ ಇರಲಿ, ಇಲ್ಲದಿದ್ದರೆ ಅಲಗು ಎರಡು ತಗಡಿನ ನಡುವೆ ಹಿಡಿಯುತ್ತೆ.

ಹದದ ವಿಷಯಕ್ಕೆ ಬಂದರೆ, ಪಟ್ಟಿ ಕೆಂಪಗೆ ಕಾಯಬೇಕು. ಅಯಸ್ಕಾಂತ ಅಂಟುವುದು ನಿಂತ ಮೇಲೆ ಇನ್ನೊಂದು ಚೂರು ಕಾಯಿಸಿ ಎಣ್ಣೆಗೆ ಅದ್ದಬೇಕು, ನೀರಿಗಲ್ಲ. ಆಗ ಅದು ಗಾಜಿನಂತಾಗಿರುತ್ತೆ, ಕೆಳಗೆ ಬಿದ್ದರೂ ಮುರಿಯಬಹುದು. ಮರಳು ಕಾಗದದಿಂದ ಉಜ್ಜಿ ಹೊಳಪು ತಂದು, ಕಬ್ಬಿಣದ ಬಾಣಲೆಯಲ್ಲಿ ಮರಳು ಹಾಕಿ ಅದರ ಮೇಲೆ ನಿಧಾನಕ್ಕೆ ಕಾಯಿಸಬೇಕು. ಮರಳು ಕಾವನ್ನು ಎಲ್ಲ ಕಡೆ ಸಮ ಹಂಚುತ್ತೆ. ಇಲ್ಲಿ ಕಣ್ಣು ಕೀಳಬಾರದು. 220 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಒಣ ಹುಲ್ಲಿನ ಹಳದಿ ಬಣ್ಣ ಏರುತ್ತೆ. ಆಮೇಲೆ ಕಂದು, ಆಮೇಲೆ ನೇರಳೆ. 300ರ ಹತ್ತಿರ ಒಳ್ಳೆ ನೀಲಿ. ಅಲಗಿನ ಹದ ಹಳದಿಯಲ್ಲಿ, ಸ್ಪ್ರಿಂಗಿನ ಹದ ನೀಲಿಯಲ್ಲಿ. ನೀಲಿ ದಾಟಿ ಬೂದು ಬಂತೋ, ಮೆತ್ತಗಾಯಿತು, ಮತ್ತೆ ಮೊದಲಿಂದ ಶುರು. ಕೂಡಿಸಿದ ಚಾಕುವನ್ನು ಹಾಗೇ ಬೆಂಕಿಗೆ ಹಿಡಿಯುವವರ ಕೈಗೆ ಕೊಡಲೇಬೇಡಿ. ಅಲಗಿನ ಹದವೂ ಹೋಗುತ್ತೆ, ಹಿಡಿಯೂ ಸುಡುತ್ತೆ.

ಕುಲುಮೆಯಿಂದ ಬಂದ ಮೇಲೆ ಇನ್ನೊಂದು ಪರೀಕ್ಷೆ ಮಾಡಿ. ಅಲಗಿನ ಅಂಚಿಗೆ ಸೀಮೆಸುಣ್ಣ ಹಚ್ಚಿ ಟಕ್ ಅಂತ ಮಡಚಿ, ಮತ್ತೆ ತೆರೆದು ಪಟ್ಟಿಯ ಒಳಮೈ ನೋಡಿ. ಅಲ್ಲಿ ಬಿಳಿ ಗುರುತು ಬಿದ್ದಿದ್ದರೆ ಅಂಚು ಪಟ್ಟಿಗೆ ಬಡಿಯುತ್ತಿದೆ, ಅದೇ ಜಾಗದಲ್ಲಿ ಹರಿತ ಹೋಗುತ್ತಾ ಇರುತ್ತೆ. ಬಿಗಿ ಹೆಚ್ಚಿದಾಗ ಹೀಗಾಗೋದು ಉಂಟು. ಅಷ್ಟು ಜಾಗದ ಅಂಚನ್ನು ಸಾಣೆಕಲ್ಲಿನ ಮೇಲೆ ಎಳೆದು ಚೂರು ತಗ್ಗಿಸಿದರೆ ಸರಿ. ಅಲ್ಲಿಯವರೆಗೆ ಕೈ ಬಿಟ್ಟು ಮಡಚಬೇಡಿ, ಬೆನ್ನು ಹಿಡಿದು ನಿಧಾನಕ್ಕೆ ಇಳಿಸಿ.

ಸಂತೆಯ ಅಗ್ಗದ ತಗಡಿನ ಚಾಕುವಿಗೆ ಇಷ್ಟೆಲ್ಲ ಬೇಡ. ಅದರ ಪಟ್ಟಿ ಮೆತ್ತನೆ ಕಬ್ಬಿಣ, ಎಷ್ಟು ಬಾಗಿಸಿದರೂ ವಾರದಲ್ಲಿ ಮತ್ತೆ ಸೋಲುತ್ತೆ. ಸ್ಪ್ರಿಂಗಿನ ಗೊಡವೆಯೇ ಬೇಡ ಅನ್ನುವವರಿಗೆ ಸ್ಪ್ರಿಂಗಿಲ್ಲದ ಮಡಚೋ ಚಾಕುಗಳೂ ಇವೆ. ಫ್ರಾನ್ಸಿನ ಓಪಿನೆಲ್ 1890ರಿಂದ ಹಾಗೇ ಬಂದಿದೆ. 1955ರಲ್ಲಿ ಅದಕ್ಕೆ ತಿರುಗಿಸಿ ಬಿಗಿ ಮಾಡುವ ಉಂಗುರ ಸೇರಿಸಿದರು. ಆದರೆ ಅದರ ಹಿಡಿ ಮರದ್ದು, ನೆನೆದರೆ ಉಬ್ಬಿ ಅಲಗು ಹಿಡಿದುಕೊಳ್ಳುತ್ತೆ. ಕುಷ್ಟಗಿ ಕಡೆಯ ದಾಳಿಂಬೆ, ಮಾವು, ನಿಂಬೆ ಕೊಯ್ದ ಮೇಲೆ ಯಾವ ಚಾಕುವನ್ನೇ ಆಗಲಿ ಹಾಗೇ ಮಡಚಿ ಕಿಸೆಗೆ ಇಡಬೇಡಿ. ಆ ಒಗರು, ಹುಳಿ ರಸ ಕೀಲಿಗಿಳಿದರೆ ಉಕ್ಕು ಕಪ್ಪಾಗಿ ತುಕ್ಕು ಹಿಡಿಯುತ್ತೆ. ಪಂಚೆ ಅಂಚಿಗಾದರೂ ಒರೆಸಿ. ಮನೆಯಲ್ಲಿ ಬೈದರೆ ಬೈಯಲಿ.