ಸೀರೆಯ ಮೇಲೆ ಇಲ್ಲದ ಬಣ್ಣ: ಬೆಟಗೇರಿಯ ಮಗ್ಗದ ಮುಂದೆ ನನ್ನ ಅನುಭವ

ಗದಗ-ಬೆಟಗೇರಿಯ ನೇಕಾರರ ಮನೆಗಳಿಗೆ ಹೋಗಿ ಸೀರೆಗಳ ವಿಡಿಯೊ ಮಾಡಿಕೊಡುವುದು ನನ್ನ ಕೆಲಸ. ಶುರುವಿನಲ್ಲಿ ಒಂದು ಬೂದು ಬಣ್ಣದ ಸಣ್ಣ ಚೌಕಳಿ ಸೀರೆ ನನ್ನನ್ನು ಬಹಳ ಕಾಡಿತು. ಕ್ಯಾಮೆರಾ ಚೂರು ಸರಿದರೆ ಸಾಕು, ಒಡಲಿನ ಮೇಲೆ ಹಸಿರು, ಗುಲಾಬಿ ಅಲೆಗಳು ಹರಿದಾಡುತ್ತಿದ್ದವು. ನೇಯ್ದವರು ವಿಡಿಯೊ ನೋಡಿ, "ಈ ಬಣ್ಣ ನಾ ಹಾಕಿಲ್ಲರಿ" ಅಂದರು. ಆ ಮಾತು ಮನಸ್ಸಿಗೆ ನಾಟಿತು. ಕೊಳ್ಳುವವರು ಬಣ್ಣ ನೋಡಿಯೇ ಅಲ್ವಾ ಸೀರೆ ಆರಿಸುವುದು?

ಇದನ್ನು ಮೊಯ್ರೆ ಅಂತಾರೆ. ಬಟ್ಟೆಯ ಎಳೆಗಳದ್ದು ಒಂದು ಸಾಲು, ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್‌ನ ಪಿಕ್ಸೆಲ್‌ಗಳದ್ದು ಇನ್ನೊಂದು ಸಾಲು. ಎರಡೂ ಸಾಲುಗಳ ಅಂತರ ಹತ್ತಿರ ಹತ್ತಿರ ಬಂದಾಗ ಇಲ್ಲದ ಮೂರನೆಯ ಪಟ್ಟೆ ಹುಟ್ಟುತ್ತದೆ. ಎರಡು ಸೊಳ್ಳೆಪರದೆಗಳನ್ನು ಒಂದರ ಮೇಲೊಂದು ಹಿಡಿದು ನೋಡಿ, ಗೊತ್ತಾಗುತ್ತದೆ.

ಮೊದಲು ಕ್ಯಾಮೆರಾದ ಶಾರ್ಪ್‌ನೆಸ್ ಪೂರ್ತಿ ಇಳಿಸಿದೆ. ಅಲೆ ತುಸು ಮೆತ್ತಗಾಯಿತು, ಹೋಗಲಿಲ್ಲ. ಎಡಿಟಿಂಗ್‌ನಲ್ಲಿ ಆ ಬಣ್ಣ ತೆಗೆಯಲು ಹೋದರೆ ಸೀರೆಯ ಬಣ್ಣವೂ ಜೊತೆಗೇ ಹೋಯಿತು. ಕೊನೆಗೆ ಭೂತಗನ್ನಡಿ ಹಿಡಿದು ಎಳೆ ಎಣಿಸಿದೆ. ಸೆಂಟಿಮೀಟರಿಗೆ ಸುಮಾರು 30. ಅಲ್ಲಿಂದ ಲೆಕ್ಕ ಬಿಡಿಸಿಕೊಂಡಿತು.

ನನ್ನ 4ಕೆ ವಿಡಿಯೊದ ಅಗಲ 3840 ಪಿಕ್ಸೆಲ್. ಫ್ರೇಮಿನಲ್ಲಿ 60 ಸೆಂಟಿಮೀಟರ್ ಬಟ್ಟೆ ಹಿಡಿದರೆ 1800 ಎಳೆ, ಎಳೆಗೆ ಎರಡೇ ಪಿಕ್ಸೆಲ್. ತೊಂದರೆ ಇರುವುದೇ ಇಲ್ಲಿ. ಸೆನ್ಸರ್‌ನಲ್ಲಿ ಕೆಂಪು, ನೀಲಿ ಪಿಕ್ಸೆಲ್‌ಗಳು ಒಂದು ಬಿಟ್ಟು ಒಂದು ಇರುವುದರಿಂದ ಬಣ್ಣಕ್ಕೆ ಇನ್ನೂ ಜಾಸ್ತಿ ಬೇಕು, ಎಳೆಗೆ ನಾಲ್ಕಾದರೂ. ಒಂದು ಗೇಣು ಬಟ್ಟೆಯಷ್ಟೇ ಫ್ರೇಮಿನಲ್ಲಿದ್ದರೆ ಐದಾರು ಸಿಗುತ್ತವೆ. ಈಗ ನನ್ನ ಕ್ಲೋಸಪ್‌ಗಳೆಲ್ಲ ಗೇಣಿನ ಒಳಗೇ. ಮ್ಯಾಕ್ರೊ ಲೆನ್ಸ್‌ನಲ್ಲಿ ಹಾಸು, ಹೊಕ್ಕು ಬೇರೆ ಬೇರೆಯಾಗಿ ಕಾಣುವಷ್ಟು ಹತ್ತಿರ ಹೋದರಂತೂ ಅಲೆಯ ಸುಳಿವೇ ಇಲ್ಲ.

ಮಾರುದ್ದ ದೂರದಿಂದ ತೆಗೆಯಲೇಬೇಕಾದಾಗ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು, ಎಫ್ 16ಕ್ಕೆ ಇಳಿಸುತ್ತೇನೆ. ಅಪರ್ಚರ್ ಅಷ್ಟು ಕಿರಿದಾದಾಗ ಬೆಳಕು ಹರಡಿ ಎಳೆಗಳ ಅಂಚು ಮೆತ್ತಗಾಗುತ್ತದೆ. ಅದೂ ಸಾಲದಿದ್ದರೆ ಕ್ಯಾಮೆರಾ ಸ್ವಲ್ಪ ಓರೆ ಮಾಡುತ್ತೇನೆ. ಬದಿಯಿಂದ ಬೀಳುವ ಗಟ್ಟಿ ಬೆಳಕು ಎಳೆಗಳನ್ನು ಎತ್ತಿ ತೋರಿಸುತ್ತದೆ, ಹತ್ತಿರದ ಶಾಟ್‌ಗೆ ಅದು ಚೆಂದ. ದೂರದ್ದಕ್ಕೆ ಬೇಡ, ಬಾಗಿಲಿಗೆ ಬಿಳಿ ಪಂಚೆ ಕಟ್ಟಿ ಬೆಳಕು ಸೋಸುತ್ತೇನೆ.

ಒಂದು ಎಚ್ಚರ. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಕಾಣುವ ಅಲೆ ಕೆಲವೊಮ್ಮೆ ಪರದೆಯದ್ದೇ ಆಗಿರುತ್ತದೆ. ಅದನ್ನು ನಂಬಿ ನಾನು ಒಂದಿಡೀ ಮುಂಜಾನೆ ಸುಮ್ನೆ ಕಳೆದಿದ್ದೇನೆ. ಕ್ಲಿಪ್ ತೆರೆದು ಪೂರ್ತಿ ದೊಡ್ಡದು ಮಾಡಿ ನೋಡಿ.

ಉಟ್ಟ ಸೀರೆ ಮಾತ್ರ ಇನ್ನೂ ಕಷ್ಟ. ಪ್ರತಿ ನಿರಿಗೆಯೂ ಒಂದೊಂದು ಕೋನದಲ್ಲಿ ನಿಲ್ಲುತ್ತದೆ, ಒಂದು ಸರಿ ಮಾಡಿದರೆ ಪಕ್ಕದ್ದು ಮಿನುಗುತ್ತದೆ. ಅಲ್ಲಿ ಅಪರ್ಚರ್ ಅಗಲ ತೆರೆದು, ಭುಜದ ಮೇಲಿನ ಸೆರಗಿಗೆ ಫೋಕಸ್ ಕೊಟ್ಟು, ನಿರಿಗೆಗಳನ್ನು ತುಸು ಮಸುಕಾಗಲು ಬಿಡುತ್ತೇನೆ.