ಎತ್ತರದ ಊರಿಗೆ ನೀರು ಎಲ್ಲಿಂದ ಬಂತು? ಐದನೇ ತರಗತಿಯ ಸುರಂಗ ಬಾವಿ ಪಾಠ

ಒಂದೇ ದಿನದಲ್ಲಿ ಆರು ಸ್ಥಳ ಸುತ್ತಿಸಿ ರಾತ್ರಿ ಮನೆ ಮುಟ್ಟಿಸುವ ಪ್ರವಾಸದಿಂದ ಮಕ್ಕಳಿಗೆ ಬಸ್ಸು ನೆನಪಿರುತ್ತದೆ, ಸ್ಥಳ ನೆನಪಿರುವುದಿಲ್ಲ. ಆದ್ದರಿಂದ ಬೀದರ್ ತಾಲೂಕಿನ ನಮ್ಮ ಶಾಲೆಯಲ್ಲಿ ಈಗ ಒಂದೇ ಪ್ರಶ್ನೆ ಹಿಡಿದು ಪ್ರವಾಸ ಮಾಡುತ್ತೇವೆ: ಬೀದರ್ ಪಟ್ಟಣ ಎತ್ತರದ ಬಯಲಿನ ಮೇಲಿದೆ, ಮಾಂಜ್ರಾ ನದಿ ದೂರದಲ್ಲಿ, ಕೆಳಗೆ ಹರಿಯುತ್ತದೆ. ಹಾಗಿದ್ದರೆ ಬಹಮನಿ ಅರಸರ ರಾಜಧಾನಿಗೆ ನೀರು ಎಲ್ಲಿಂದ ಬಂತು? ಪ್ರವಾಸಕ್ಕೆ ಮೊದಲು ಮೂರು ವಾರ ತರಗತಿಯ ಕೆಲಸ, ಒಂದು ದಿನ ಹೊರಗೆ, ಬಂದ ಮೇಲೆ ಒಂದು ವಾರ. ನಾಲ್ಕು ಮತ್ತು ಐದನೇ ತರಗತಿ ಸೇರಿ 38 ಮಕ್ಕಳಿಗೆ ಮಾಡಿದ ಕ್ರಮ ಇದು.

ಶುರು ಕಲ್ಲಿನಿಂದ. ಬೀದರ್ ಪಟ್ಟಣ ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಮೇಲೆ, ಮಕ್ಕಳ ಬಾಯಲ್ಲಿ ಅದು ಕೆಂಪು ಕಲ್ಲು. ಅದರ ಅಡಿಯಲ್ಲಿ ಕರಿಕಲ್ಲು. ಎರಡರಲ್ಲೂ ಒಂದೊಂದು ಕಿಲೋದಷ್ಟು ತುಂಡು ತಂದು, ನಾಲ್ಕು ದಿನ ಬಿಸಿಲಲ್ಲಿ ಒಣಗಿಸಿ, ಬಿಸಿಯೂಟದ ಕೋಣೆಯ ತಕ್ಕಡಿಯಲ್ಲಿ ತೂಗಿ ಹಲಗೆಯ ಮೇಲೆ ಬರೆಯುತ್ತೇವೆ. ಆಮೇಲೆ ಎರಡನ್ನೂ ಬಕೆಟ್ ನೀರಿಗೆ ಹಾಕುವುದು. ಈ ಹೊತ್ತಿನಲ್ಲಿ ಮಕ್ಕಳನ್ನು ಬಕೆಟ್ಟಿನ ಸುತ್ತ ಕೂರಿಸಿ ಸುಮ್ಮನಿರಲು ಹೇಳಿ. ಕೆಂಪು ಕಲ್ಲಿನ ಒಂದೊಂದು ತೂತಿನಿಂದ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲುಗಟ್ಟಿ ಏಳುತ್ತವೆ, ಕಿವಿ ಹತ್ತಿರ ಹಿಡಿದರೆ ಚುಂಯ್ ಎಂಬ ಸದ್ದು. ‘ಸರ್, ಕಲ್ಲು ಉಸರ ಬಿಡ್ಲಾಕತ್ತದ್ರಿ’ ಎಂದು ಒಬ್ಬರಾದರೂ ಹೇಳೇ ಹೇಳುತ್ತಾರೆ. ಆ ಮಾತನ್ನೇ ಹಲಗೆಯ ಮೇಲೆ ಬರೆಯಿರಿ. ಕಲ್ಲಿನೊಳಗೆ ಗಾಳಿ ಇತ್ತು, ಈಗ ಆ ಜಾಗಕ್ಕೆ ನೀರು ಹೋಯಿತು ಎಂಬಷ್ಟನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ಮರುದಿನ ಮೇಲ್ಮೈ ಒರೆಸಿ ತೂಗಿದಾಗ ನಮ್ಮ ಕೆಂಪು ಕಲ್ಲು 1,000 ಗ್ರಾಂನಿಂದ 1,120 ಗ್ರಾಂ ಆಗಿತ್ತು. ಕರಿಕಲ್ಲಿಗೆ ತಕ್ಕಡಿಯ ಮುಳ್ಳು ಅಲುಗಲಿಲ್ಲ. ಕಲ್ಲು ಸರಿಯಾಗಿ ಒಣಗಿರದಿದ್ದರೆ ವ್ಯತ್ಯಾಸ ಕಾಣುವುದಿಲ್ಲ. ಮಳೆಗಾಲದಲ್ಲಿ ಇದನ್ನು ಮಾಡಲು ಹೋಗಬೇಡಿ.

ಎರಡನೇ ವಾರ ಸುರಂಗ ಬಾವಿಯ ಮಾದರಿ: ನೆಲದೊಳಗೆ ನೀರು ಹರಿಯುವ ಇಳಿಜಾರಿನ ಸುರಂಗ, ಮೇಲಿನಿಂದ ಅದಕ್ಕೆ ಇಳಿಯುವ ಬಾವಿಗಳು. ಈ ಪಾಠದ ಜೀವ ಇದರಲ್ಲೇ ಇದೆ, ಹೆಚ್ಚು ಹೊತ್ತು ಹಿಡಿಯುವುದೂ ಇದಕ್ಕೇ. ಬೇಕಾದದ್ದು ಸುಮಾರು 45 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ, ಒಳಗೆ ಕಾಣುವ ಪ್ಲಾಸ್ಟಿಕ್ ಡಬ್ಬಿ. ಸುರಂಗಕ್ಕೆ ಬದಲಾಗಿ ಅರ್ಧ ಇಂಚಿನ ಪಿವಿಸಿ ಪೈಪ್ 50 ಸೆಂ.ಮೀ., ಎರಡು ಬುಟ್ಟಿ ಕರಿಮಣ್ಣು, ಒಂದು ಬುಟ್ಟಿ ಒಡೆದ ಜಂಬಿಟ್ಟಿಗೆ, ಹಳೇ ಪಂಚೆಯ ತುಂಡು, ಎಂ-ಸೀಲ್.

ಕರಿಮಣ್ಣನ್ನು ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ ತಳಕ್ಕೆ ಬಡಿಯಬೇಕು, ಒಂದು ಬದಿ 6 ಸೆಂ.ಮೀ., ಇನ್ನೊಂದು ಬದಿ 4 ಸೆಂ.ಮೀ. ದಪ್ಪ ಬರುವಂತೆ. ಕರಿಕಲ್ಲಿಗೆ ಬದಲಾಗಿ ಇದು ನೀರು ಇಳಿಯಲು ಬಿಡದ ಅಡಿ ಪದರ. ಡಬ್ಬಿಯ ಮೂಲೆಗಳಿಗೆ ಹೆಬ್ಬೆರಳಿನಿಂದ ಒತ್ತಿ ತುಂಬಿಸಿ. ಮೂಲೆ ಖಾಲಿ ಉಳಿದರೆ ನೀರು ಮಣ್ಣಿನ ಕೆಳಗೆ ನುಗ್ಗಿ ಪೈಪಿಗೆ ಬರುವುದೇ ಇಲ್ಲ, ಮಕ್ಕಳು ಕಾದು ಕಾದು ಬೇಸರಪಡುತ್ತಾರೆ. ಪೈಪಿನ ಮೇಲ್ಭಾಗಕ್ಕೆ ಎರಡು ಬೆರಳಿನ ಅಂತರದಲ್ಲಿ ಕಾದ ಮೊಳೆಯಿಂದ ತೂತು ಹಾಕುವುದು (ಇದು ಶಿಕ್ಷಕರ ಕೆಲಸ, ಮಕ್ಕಳದ್ದಲ್ಲ). ಹೊರಗೆ ಬರುವ ಕೊನೆಯ 15 ಸೆಂ.ಮೀ.ಗೆ ತೂತು ಬೇಡ. ಪೈಪಿಗೆ ಬಟ್ಟೆ ಸುತ್ತಿ ಮಣ್ಣಿನ ಮೇಲೆ ಇಳಿಜಾರಿನ ದಿಕ್ಕಿನಲ್ಲೇ ಮಲಗಿಸಿ, ತಗ್ಗಿನ ಬದಿಯ ಗೋಡೆಗೆ ಕೊರೆದ ತೂತಿನಿಂದ ಹೊರಗೆ ತಂದು ಎಂ-ಸೀಲ್ ಹಾಕಬೇಕು. ಸೀಲ್ ಗಟ್ಟಿಯಾಗಲು ಒಂದು ರಾತ್ರಿ ಬಿಡಿ. ಮೇಲೆ 10 ಸೆಂ.ಮೀ. ದಪ್ಪಕ್ಕೆ ಕಡಲೆಕಾಳು ಗಾತ್ರದ ಜಂಬಿಟ್ಟಿಗೆ ಚೂರು ತುಂಬಿ. ಚೂರನ್ನು ಮೂರು ನೀರಿನಲ್ಲಿ ತೊಳೆದಿರಲೇಬೇಕು, ಇಲ್ಲದಿದ್ದರೆ ಕೆಂಪು ಪುಡಿ ಬಟ್ಟೆಗೆ ಮೆತ್ತಿ ಎರಡೇ ದಿನಕ್ಕೆ ಪೈಪು ಮುಚ್ಚಿಕೊಳ್ಳುತ್ತದೆ. ಬಾವಿಗಳಿಗೆ ಬದಲಾಗಿ ಹಳೇ ಸ್ಕೆಚ್ ಪೆನ್ನಿನ ಕೊಳವೆ ಮೂರು, ಪೈಪಿನ ತೂತಿನ ಮೇಲೆ ನೇರ ನಿಲ್ಲುವಂತೆ.

ಮುಚ್ಚಳಕ್ಕೆ ತೂತು ಹಾಕಿದ ಬಾಟಲಿಯಿಂದ ಎರಡು ಲೀಟರ್ ‘ಮಳೆ’ಯನ್ನು ಹತ್ತು ನಿಮಿಷ ನಿಧಾನವಾಗಿ ಸುರಿಸಿ. ಮೊದಲ ದಿನ ಪೈಪಿನಿಂದ ಬರುವುದು ಎರಡು ಚಮಚೆಯಷ್ಟು. ಮಾದರಿ ಕೆಟ್ಟಿದೆ ಎಂದು ಬಿಚ್ಚಬೇಡಿ. ಒಣ ಕಲ್ಲು ಅಷ್ಟೂ ನೀರನ್ನು ಕುಡಿದಿದೆ. ತೂಕದ ಪ್ರಯೋಗ ಮಾಡಿದ ಮಕ್ಕಳಿಗೆ ಇದರ ಕಾರಣ ಕೂಡಲೇ ಹೊಳೆಯುತ್ತದೆ, ಮೃಗಶಿರಾ ಮಳೆ ಹೊಡೆದ ಮಾತ್ರಕ್ಕೆ ಊರ ಬಾವಿ ಏಕೆ ಏರುವುದಿಲ್ಲ ಎಂಬುದಕ್ಕೂ ಅಲ್ಲೇ ಉತ್ತರ ಸಿಗುತ್ತದೆ. ಮರುದಿನ ಅಷ್ಟೇ ನೀರು ಸುರಿಸಿದರೆ ಕೆಲವು ನಿಮಿಷ ಕಳೆದು ಹನಿ ಶುರುವಾಗಿ, ಮಳೆ ನಿಂತ ಮೇಲೂ ಬಹಳ ಹೊತ್ತು ಮುಂದುವರಿಯುತ್ತದೆ. ಅಳತೆಯ ಲೋಟದಲ್ಲಿ ಐದೈದು ನಿಮಿಷಕ್ಕೆ ಎಷ್ಟು ಮಿಲಿ ಬಂತು ಎಂದು ಗುಂಪಿಗೊಬ್ಬರು ಬರೆಯಲಿ. ಸ್ತಂಭಾಲೇಖ ಬಿಡಿಸಲು ಇದಕ್ಕಿಂತ ಒಳ್ಳೆಯ ಅಂಕಿ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ, ಏಕೆಂದರೆ ಇವು ಅವರೇ ಹಿಡಿದ ಅಂಕಿಗಳು. ಶನಿವಾರ ಮನೆಗೆ ಹೋಗುವ ಮುಂಚೆ ಡಬ್ಬಿಯ ಮೇಲೆ ಹಸಿ ಗೋಣಿಚೀಲ ಹೊದಿಸಿ. ಕರಿಮಣ್ಣು ಒಣಗಿ ಬಿರುಕು ಬಿಟ್ಟರೆ ಸೋಮವಾರ ನೀರೆಲ್ಲ ತಳಕ್ಕೆ.

ಮೂರನೇ ವಾರ ಹೆಜ್ಜೆ ಮತ್ತು ಹಗ್ಗ. ಅಂಗಳದಲ್ಲಿ 20 ಮೀಟರ್ ಗೆರೆ ಎಳೆದು ಪ್ರತಿ ಮಗು ಮೂರು ಸಲ ನಡೆದು ತನ್ನ ಹೆಜ್ಜೆಯ ಅಳತೆ ತೆಗೆಯಬೇಕು. 38 ಹೆಜ್ಜೆಯಾದರೆ ಒಂದು ಹೆಜ್ಜೆ ಸುಮಾರು 53 ಸೆಂ.ಮೀ. ಅಳೆಯುತ್ತಾರೆ ಎಂದು ಗೊತ್ತಾದ ಕೂಡಲೇ ಮಕ್ಕಳು ದಾಪುಗಾಲು ಹಾಕುತ್ತಾರೆ. ನಡೆಯುವವರು ಬೇರೆ, ಎಣಿಸುವವರು ಬೇರೆ ಎಂದು ಜೋಡಿ ಮಾಡಿದರೆ ನಡಿಗೆ ಸಹಜವಾಗುತ್ತದೆ. ಆಳ ಅಳೆಯಲು 20 ಮೀಟರ್ ನೈಲಾನ್ ಹಗ್ಗ, ಮೀಟರಿಗೊಂದು ಕೆಂಪು ಪಟ್ಟಿ, ಐದು ಮೀಟರಿಗೊಂದು ಬಿಳಿ ಪಟ್ಟಿ, ತುದಿಗೆ ಹಳೇ ಬೀಗ. ನೂಲಿನ ಹಗ್ಗ ನೀರಿಗೆ ಕುಗ್ಗುತ್ತದೆ, ಬೇಡ.

ಹೊರಡುವ ದಿನ ನವೆಂಬರ್ ಕೊನೆ ಅಥವಾ ಡಿಸೆಂಬರಿನಲ್ಲಿ ಇರಲಿ. ಮಳೆಯ ನೀರು ನೆಲದಲ್ಲಿ ಇನ್ನೂ ಇರುತ್ತದೆ, ಬಿಸಿಲಿನ ಕಾಟವಿಲ್ಲ. ಪಾಲಕರ ಒಪ್ಪಿಗೆ ಪತ್ರ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಠರಾವು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಅನುಮತಿ, ಸಾರಿಗೆ ನಿಗಮದ ಬಸ್ಸು ಬಾಡಿಗೆ, ಈ ನಾಲ್ಕಕ್ಕೆ ಮೂರು ವಾರ ಹಿಡಿಯುತ್ತದೆ ಎಂದುಕೊಂಡೇ ಹೊರಡಿ. ಎಂಟು ಮಕ್ಕಳಿಗೆ ಒಬ್ಬ ದೊಡ್ಡವರು. ಇಬ್ಬರು ತಾಯಂದಿರು ಜೊತೆಗಿದ್ದರೆ ಹೆಣ್ಣುಮಕ್ಕಳಿಗೆ ಧೈರ್ಯ. ಬೆಳಿಗ್ಗೆ ಹಾಲು ಕುಡಿಸದೆ ಹಗುರವಾಗಿ ಮಂಡಕ್ಕಿಯ ಸುಸಲಾ ತಿನ್ನಿಸಿ ಕಳಿಸಲು ಮನೆಗಳಿಗೆ ಹೇಳಿರಬೇಕು. ವಾಂತಿ ಬರುವವರು ಮುಂದಿನ ಸೀಟಿನಲ್ಲಿ.

ಮೊದಲು ಬೀದರ್ ಪಟ್ಟಣದ ಹತ್ತಿರದ ನೌಬಾದ್. ಬಹಮನಿಗಳ ಕಾಲದಲ್ಲಿ, 15ನೇ ಶತಮಾನದಲ್ಲಿ, ಇರಾನಿನ ವಿದ್ಯೆಯಿಂದ ಆದ ಕರೇಜ್ ಇಲ್ಲಿದೆ. ನಮ್ಮವರು ಸುರಂಗ ಬಾವಿ ಎನ್ನುತ್ತಾರೆ. ನೆಲದೊಳಗೆ ಸಣ್ಣ ಇಳಿಜಾರಿನಲ್ಲಿ ಒಂದು ಸುರಂಗ, ಮೇಲಿನಿಂದ ಅದಕ್ಕೆ ಇಳಿಯುವ ಬಾವಿಗಳ ಸಾಲು. ಸುರಂಗ ತೋಡುವಾಗ ಮಣ್ಣು ಮೇಲೆತ್ತಲು, ಒಳಗಿನವರಿಗೆ ಗಾಳಿ ಬೆಳಕು ಕೊಡಲು, ಆಮೇಲೆ ಹೂಳು ತೆಗೆಯಲು ಈ ಬಾವಿಗಳು. ಪಂಪಿಲ್ಲ, ರಾಟೆಯಿಲ್ಲ, ನೀರು ತಾನಾಗಿ ಹರಿದು ಬರುತ್ತದೆ. ಸ್ಕೆಚ್ ಪೆನ್ನಿನ ಕೊಳವೆ ನೆಟ್ಟ ಮಕ್ಕಳಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಬಾವಿಯಿಂದ ಮೂರು ಮೀಟರ್ ದೂರಕ್ಕೆ ಸುಣ್ಣದ ಗೆರೆ ಹಾಕಿ, ಮಕ್ಕಳು ಅದನ್ನು ದಾಟಬಾರದು. ಹಗ್ಗ ಬಿಡುವುದು ಒಬ್ಬ ಶಿಕ್ಷಕರು ಮಾತ್ರ, ಪಟ್ಟಿ ಎಣಿಸುವುದು ಮಕ್ಕಳು ಜೋರಾಗಿ. ಬೀಗ ತಳ ಮುಟ್ಟಿದಾಗ ಹಗ್ಗ ಸಡಿಲಾಗುತ್ತದೆ, ಮೇಲೆಳೆದು ಒದ್ದೆಯಾದ ಜಾಗದವರೆಗೆ ಅಳೆಯಿರಿ. ಬೀಗ ಒಣಗಿಯೇ ಬಂದರೆ ಬಾವಿಯಲ್ಲಿ ಕಸ ಅಥವಾ ಹೂಳು ತುಂಬಿದೆ, ಹಾಳೆಯಲ್ಲಿ ‘ಒಣ’ ಎಂದು ಬರೆಯಲಿ. ಬಾವಿಯಿಂದ ಬಾವಿಗೆ ಹೆಜ್ಜೆ ಎಣಿಸುತ್ತ ಮೂರು ಬಾವಿ ಮುಗಿಸಿದರೆ ಸಾಕು. ಸುರಂಗದೊಳಗೆ ಮಕ್ಕಳನ್ನು ಇಳಿಸಬೇಡಿ, ಯಾರು ಎಷ್ಟೇ ಹೇಳಲಿ.

ಹನ್ನೊಂದೂವರೆಗೆ ಗುರುದ್ವಾರ ನಾನಕ್ ಝೀರಾ. ಕೆಂಪು ಕಲ್ಲಿನಿಂದ ಸಿಹಿನೀರು ಹೊರಬರುವುದನ್ನು ಕಣ್ಣಾರೆ ಕಾಣುವ ಜಾಗ. ತಲೆಗೆ ಕಟ್ಟಲು ಎಲ್ಲರಿಗೂ ಕರವಸ್ತ್ರ, ಚಪ್ಪಲಿ ಹೊರಗೆ, ಕಾಲು ತೊಳೆದು ಒಳಗೆ. ಎಷ್ಟು ಮಕ್ಕಳು ಎಂದು ಮೊದಲೇ ತಿಳಿಸಿದರೆ ಲಂಗರಿನಲ್ಲಿ (ಗುರುದ್ವಾರದ ಊಟದ ಮನೆಯಲ್ಲಿ) ಸಾಲಾಗಿ ಕೂರಿಸಿ ಪ್ರೀತಿಯಿಂದ ಉಣಬಡಿಸುತ್ತಾರೆ. ನರಸಿಂಹ ಝರಣಿಯ ಗುಹಾ ದೇವಾಲಯವನ್ನು ನಾವು ಬಿಟ್ಟಿದ್ದೇವೆ. ಗುಹೆಯ ನೀರು ದೊಡ್ಡವರಿಗೇ ಎದೆಮಟ್ಟ ಬರುತ್ತದೆ, ಪ್ರಾಥಮಿಕ ಶಾಲೆಯ ಮಕ್ಕಳಿಗೆ ಅದು ಜಾಗವಲ್ಲ.

ಮಧ್ಯಾಹ್ನ ಕೋಟೆಯಲ್ಲಿ ಎರಡೇ ಕೆಲಸ. ಬಂಡೆಯಲ್ಲೇ ಕಡಿದ ಮೂರು ಸಾಲಿನ ಕಂದಕದ ಹತ್ತಿರ ನಿಂತು ಜಂಬಿಟ್ಟಿಗೆಯ ತೂತು ನೋಡುವುದು. ಕೋಟೆಯ ಅಂಚಿನಿಂದ ಕೆಳಗಿನ ಕರಿಮಣ್ಣಿನ ಹೊಲ ನೋಡುವುದು. ಮೇಲೆ ಕೆಂಪು, ಕೆಳಗೆ ಕಪ್ಪು: ಡಬ್ಬಿಯೊಳಗೆ ತಾವೇ ಹಾಕಿದ ಎರಡು ಪದರ ಇಲ್ಲಿ ಊರಗಲ ಹರಡಿದೆ. ರಂಗೀನ್ ಮಹಲ್, 1472ರ ಮಹಮೂದ್ ಗಾವಾನ್ ಮದರಸಾ, ಬಿದರಿ ಕೆಲಸ ಎಲ್ಲವನ್ನೂ ಸೇರಿಸುವ ಆಸೆ ಹುಟ್ಟುತ್ತದೆ. ಬೇಡ. ಬಿದರಿಗೆ ಅದರದೇ ಒಂದು ದಿನ ಬೇಕು. ಸತುವು ತಾಮ್ರದ ಎರಕ ಕೋಟೆಯ ಮಣ್ಣಿನಲ್ಲಿ ಕಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವುದನ್ನು ಅವಸರದಲ್ಲಿ ತೋರಿಸಿದರೆ ಪಾಠ ಕೆಟ್ಟಂತೆ.

ಮಕ್ಕಳ ಕೈಗೆ ನೋಟುಪುಸ್ತಕ ಕೊಡುವುದಿಲ್ಲ, ಕೊಟ್ಟರೆ ಫಲಕದ ಬರಹ ನಕಲು ಮಾಡುವುದರಲ್ಲೇ ದಿನ ಹೋಗುತ್ತದೆ. ರಟ್ಟಿಗೆ ಸಿಕ್ಕಿಸಿದ ಒಂದೇ ಹಾಳೆ, ದಾರ ಕಟ್ಟಿದ ಪೆನ್ಸಿಲ್, ಐದು ಚೌಕ: ಹೆಜ್ಜೆ, ಆಳ, ಕಲ್ಲಿನ ಚಿತ್ರ, ನೀರು ಕಂಡ ಜಾಗ, ನನಗೆ ಹುಟ್ಟಿದ ಪ್ರಶ್ನೆ. ಕೊನೆಯ ಚೌಕವೇ ಮುಂದಿನ ವಾರದ ಪಾಠಯೋಜನೆ.

ಮರುದಿನ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಬಾವಿಗಳ ಸಾಲನ್ನು ಹತ್ತು ಹೆಜ್ಜೆಗೆ ಒಂದು ಗೇಣಿನ ಪ್ರಮಾಣದಲ್ಲಿ ಬಿಡಿಸುತ್ತಾರೆ. ಮೂರು ಬಾವಿಗಳ ಹಗ್ಗದ ಅಳತೆ ಬೇರೆ ಬೇರೆ ಬಂದಿರುತ್ತದೆ. ಸುರಂಗದ ನೀರು ಹೆಚ್ಚುಕಡಿಮೆ ಸಮಮಟ್ಟದಲ್ಲಿದೆ, ಏರಿಳಿದದ್ದು ನೆಲ ಎಂದು ಗೋಡೆಗೆ ದಾರ ಕಟ್ಟಿ ತೋರಿಸಿ. ಇದು ಐದನೇ ತರಗತಿಗೂ ಕಷ್ಟದ ಮಾತು, ಎರಡು ಪೀರಿಯಡ್ ಹೋಗಲಿ. ಪದಗಳ ಪಟ್ಟಿಯನ್ನೂ ಮಾಡಿಸಿ. ನಮ್ಮ ತರಗತಿಯಲ್ಲಿ ಕನ್ನಡದ ಬಾವಿ, ಮರಾಠಿಯ ವಿಹೀರ್, ಉರ್ದುವಿನ ಬಾವ್ಲಿ ಒಂದೇ ಹಾಳೆಯಲ್ಲಿ ಕೂರುತ್ತವೆ, ಮನೆಯಲ್ಲಿ ಕನ್ನಡ ಆಡದ ಮಗು ಅಂದು ಎದ್ದು ನಿಂತು ಮಾತಾಡುತ್ತದೆ.

ಮಾದರಿಯನ್ನು ಮಾರ್ಚ್‌ವರೆಗೆ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಒಂದು ಲೀಟರ್ ಸುರಿದು ಎಷ್ಟು ಹೊರಬಂತು ಎಂದು ಬರೆದರೆ, ಬಿಸಿಲು ಏರಿದಂತೆ ಅಂಕಿ ಇಳಿಯುವುದು ಗೊತ್ತಾಗುತ್ತದೆ. ಬೇಸಿಗೆ ರಜೆಗೆ ಮುಂಚೆ ಡಬ್ಬಿ ಖಾಲಿ ಮಾಡಿ, ಜಂಬಿಟ್ಟಿಗೆ ಚೂರನ್ನು ತೊಳೆದು ಒಣಗಿಸಿ ಚೀಲದಲ್ಲಿ ಕಟ್ಟಿಡಿ. ಪೈಪಿನ ಬಟ್ಟೆಯನ್ನು ಮಾತ್ರ ಹೊಸದು ಹಾಕಬೇಕು.