ಆಪರೇಷನ್ ಆದ ರಾತ್ರಿಯ ಜ್ವರ

ಸುಟ್ಟಗಾಯಕ್ಕೆ ಆಪರೇಷನ್ ಮಾಡಿದ ರಾತ್ರಿ ರೋಗಿಗೆ ಜ್ವರ ಬಂದರೆ, ಶುರುವಿನ ವರ್ಷಗಳಲ್ಲಿ ನಾನು ಸೋಂಕು ಅಂದುಕೊಂಡು ತಕ್ಷಣ ಆ್ಯಂಟಿಬಯೋಟಿಕ್ ಬದಲಿಸುತ್ತಿದ್ದೆ. ಮುಂದಿನ ಆಪರೇಷನ್ನನ್ನೂ ಮುಂದಕ್ಕೆ ಹಾಕುತ್ತಿದ್ದೆ. ಇವೆರಡರಲ್ಲಿ ಎರಡನೆಯದೇ ದೊಡ್ಡ ತಪ್ಪು ಅಂತ ಗೊತ್ತಾಗಲು ಬಹಳ ದಿನ ಬೇಕಾಯಿತು.

ನನ್ನ ಯೋಚನೆ ಬದಲಾಗಿದ್ದು ಒಬ್ಬ ಹುಡುಗನಿಂದ. ಮೈ ಶೇ. 40ರಷ್ಟು ಸುಟ್ಟಿತ್ತು. ಮೂರನೇ ದಿನ ಕಾಲುಗಳ ಸತ್ತ ಚರ್ಮ ತೆಗೆದೆವು. ತೊಡೆಗೆ ಟೂರ್ನಿಕೆಟ್ (ರಕ್ತದ ಹರಿವು ತಡೆಯುವ ಪಟ್ಟಿ) ಕಟ್ಟಿ, ಉದ್ದನೆಯ ಚಾಕುವಿನಿಂದ ತೆಳುವಾಗಿ ಪದರ ಪದರ ಹೆರೆಯುತ್ತಾ ಹೋಗಬೇಕು. ಮೊದಲು ಮಂಕು ಬೂದು ಬಣ್ಣ. ಇನ್ನೊಂದು ಪದರ ಹೋದ ಮೇಲೆ ಹೊಳೆಯುವ ಬಿಳುಪು. ಟೂರ್ನಿಕೆಟ್ ಸಡಿಲಿಸಿದಾಗ ಸೂಜಿ ಚುಚ್ಚಿದ ಹಾಗೆ ರಕ್ತದ ಚುಕ್ಕೆಗಳು ಮೂಡಿದರೆ ಜೀವ ಇರುವ ಚರ್ಮ ಸಿಕ್ಕಿತು ಅಂತ ಅರ್ಥ. ಸ್ಲೊವೇನಿಯಾದ ಸರ್ಜನ್ ಜೋರಾ ಯಾಂಜೆಕೋವಿಚ್ 1970ರಲ್ಲಿ ಬರೆದು ತೋರಿಸಿದ ದಾರಿ ಇದು. ಅದಕ್ಕೆ ಮುಂಚೆ ಸತ್ತ ಚರ್ಮ ತಾನೇ ಕಳಚಲಿ ಅಂತ ವಾರಗಟ್ಟಲೆ ಕಾಯುತ್ತಿದ್ದರು.

ಆ ರಾತ್ರಿ ಜ್ವರ 39 ಡಿಗ್ರಿ ಸೆಲ್ಸಿಯಸ್, ನಾಡಿ 130. ಸತ್ತ ಚರ್ಮ ಮೈಮೇಲೆ ಇರುವಷ್ಟು ದಿನ ದೇಹ ಕೆರಳಿಯೇ ಇರುತ್ತದೆ. ಐಎಲ್-6, ಟಿಎನ್‌ಎಫ್ ತರಹದ ಉರಿಯೂತದ ವಸ್ತುಗಳು ರಕ್ತದಲ್ಲಿ ಸುತ್ತುತ್ತಿರುತ್ತವೆ. ಅದನ್ನು ತೆಗೆಯಲು ಹಾಕಿದ ಚಾಕುವೂ ದೇಹಕ್ಕೆ ಹೊಸ ಗಾಯವೇ ಅಲ್ವಾ? ಗಾಯದ ಮೇಲೆ ಕಸಿ ಮಾಡಲು ಒಳ್ಳೆಯ ಚರ್ಮ ತೆಗೆದ ಜಾಗ ಇನ್ನೊಂದು ಗಾಯ. ಉರಿಯೂತ ಅಳೆಯುವ ರಕ್ತಪರೀಕ್ಷೆ ಸಿಆರ್‌ಪಿ ಎರಡು ಮೂರು ದಿನ ಏರುವುದು ಮಾಮೂಲು.

ಹಾಗಂತ ಸುಮ್ನೆ ಕೂರುವ ಹಾಗಿಲ್ಲ. ರಕ್ತದಲ್ಲಿ ಸೋಂಕು ಇದೆಯಾ ನೋಡಲು ಬ್ಲಡ್ ಕಲ್ಚರ್ ಕಳಿಸಿದೆ. ಡ್ರೆಸ್ಸಿಂಗ್ ಬಿಚ್ಚಿ ಗಾಯ ನೋಡಿದೆ. ಜ್ವರಕ್ಕಿಂತ ನಾನು ಈಗ ಜಾಸ್ತಿ ನಂಬುವುದು ಸೋಂಕಿನ ಬೇರೆ ಸುಳಿವುಗಳನ್ನು: ನಳಿಕೆಯಲ್ಲಿ ಕೊಟ್ಟ ಆಹಾರ ಹೊಟ್ಟೆಯಲ್ಲೇ ನಿಲ್ಲುವುದು, ಶುಗರ್ ದಿಢೀರ್ ಏರುವುದು, ಪ್ಲೇಟ್‌ಲೆಟ್ ಕುಸಿಯುವುದು, ಮೂತ್ರ ಕಮ್ಮಿಯಾಗುವುದು, ಮಾತು ತೊದಲುವುದು. ಇವು ಕಂಡರೆ ಒಂದು ಗಂಟೆಯೂ ಕಾಯುವುದಿಲ್ಲ. ಅವನಲ್ಲಿ ಒಂದೂ ಇರಲಿಲ್ಲ. ಔಷಧಿ ಬದಲಿಸಲಿಲ್ಲ. ಎರಡನೇ ಸಂಜೆ ಜ್ವರ 38.2ಕ್ಕೆ ಇಳಿಯಿತು.

ಚಾಕುವಿನ ಹೊಡೆತ ಕಮ್ಮಿ ಮಾಡುವುದು ನಮ್ಮ ಕೈಯಲ್ಲೇ ಇದೆ. ಥಿಯೇಟರನ್ನು 30 ಡಿಗ್ರಿ ಬೆಚ್ಚಗಿಡುತ್ತೇವೆ. ನಾವು ಬೆವರಲ್ಲಿ ತೊಯ್ಯುತ್ತೇವೆ, ಆದರೆ ರೋಗಿಯ ಮೈ ತಣ್ಣಗಾಗುವುದಿಲ್ಲ. ಬಿಸಿ ಮಾಡಿದ ಡ್ರಿಪ್, ರಕ್ತ ಸೋರುವುದು ಕಮ್ಮಿಯಾಗಲು ಅಡ್ರಿನಲಿನ್ ನೀರಿನಲ್ಲಿ ಅದ್ದಿದ ಬಟ್ಟೆ. ಎರಡು ಗಂಟೆ ಮೀರಿದರೆ ಅಥವಾ ಮೈ 35 ಡಿಗ್ರಿಗೆ ಇಳಿದರೆ ನಿಲ್ಲಿಸುತ್ತೇನೆ, ಸತ್ತ ಚರ್ಮ ಇನ್ನೂ ಉಳಿದಿದ್ದರೂ ಸರಿ.

ಮತ್ತೆ ಎರಡು ದಿನಕ್ಕೆ ಎದೆ, ಕೈಗಳ ಆಪರೇಷನ್. "ಇನ್ನೂ ಮೈ ಬೆಚ್ಚಗಿದೆ, ಈಗಲೇ ಯಾಕೆ ಡಾಕ್ಟ್ರೇ?" ಅಂತ ಅವನ ತಾಯಿ ಕೇಳಿದರು.

"ಅಮ್ಮಾ, ಮೈ ಬೆಚ್ಚಗಿಟ್ಟಿರೋದೇ ಆ ಸತ್ತ ಚರ್ಮ" ಅಂದೆ.

ಅವರು ಅವನ ಹಣೆ ಮುಟ್ಟಿ ನೋಡಿ, ಒಪ್ಪಿಗೆಗೆ ಸಹಿ ಹಾಕಿದರು.